ಅತ್ತೆಯ ಗೋಮಾಳದ ಪ್ರಾಣಿಗಳು

ಏನು ಕೆಲಸ ಮಾಡ್ತೀರಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಷ್ಟ್ರು, ಕಂಡಕ್ಟರು, ಡಾಕ್ಟರು, ವಕೀಲರು. ಕೇಳಿದವನಿಗೂ ಸಮಾಧಾನ, ಹೇಳಿದವನಿಗೂ ಸಮಾಧಾನ. ನನ್ನದು ಹಾಗಲ್ಲ. ಯಾರಾದರೂ ಒಂದು ಬಯಲಿನಲ್ಲಿ ಕಾರ್ಖಾನೆಯನ್ನೋ ಗೋದಾಮನ್ನೋ ಬಡಾವಣೆಯನ್ನೋ ಕಟ್ಟಲು ಹೊರಟರೆ, ಅಲ್ಲಿ ಮೊದಲಿನಿಂದ ಯಾರು ಯಾರು ವಾಸವಾಗಿದ್ದಾರೆ ಎಂದು ನೋಡಿಕೊಂಡು ಬರುವುದು ನನ್ನ ಕೆಲಸ. ಯಾರು ಯಾರು ಎಂದರೆ ಮನುಷ್ಯರಲ್ಲ, ಅವರನ್ನು ನೋಡಿಕೊಳ್ಳಲು ಬೇರೆ ಇಲಾಖೆಗಳಿವೆ. ನನ್ನ ಪಾಲಿಗೆ ಬಂದವರು ಹಾವು, ಕಪ್ಪೆ, ಚಿಟ್ಟೆ, ಗೂಬೆ, ಮುಂಗುಸಿ, ಹುಲ್ಲು, ಮುಳ್ಳುಗಿಡ ಮುಂತಾದವರು. ಇವರೆಲ್ಲರ ಹಾಜರಿ ತೆಗೆದುಕೊಂಡು, ಇಂಥಲ್ಲಿ ಇಂಥವರು ಮೊಟ್ಟೆ ಇಡುತ್ತಾರೆ, ಇಂಥಲ್ಲಿ ಇಂಥವರು ನೀರು ಕುಡಿಯುತ್ತಾರೆ, ಆದ್ದರಿಂದ ಈ ಭಾಗ ಬಿಟ್ಟು ಕಟ್ಟಿಕೊಳ್ಳಿ ಎಂದು ವರದಿ ಕೊಡಬೇಕು. ಇದಕ್ಕೆ ಜೀವವೈವಿಧ್ಯ ಸಮೀಕ್ಷೆ ಎಂಬ ಗಂಭೀರವಾದ ಹೆಸರೇನೋ ಇದೆ. ಆದರೆ ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ನನ್ನನ್ನು ಕರೆಯುವುದು ಮಾತ್ರ ‘ಓತಿಕ್ಯಾತದ ಸಾರ್’ ಎಂದೇ.

ಹೆಣ್ಣು ನೋಡಲು ಹೋದ ದಿನ ನಮ್ಮ ಸೋದರಮಾವ ಬುದ್ಧಿ ಉಪಯೋಗಿಸಿ ‘ಹುಡುಗ ಪರಿಸರದಲ್ಲಿದ್ದಾನೆ’ ಎಂದಷ್ಟೇ ಹೇಳಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದರು. ಅಷ್ಟಕ್ಕೆ ಬಿಡುವವರೇ ಹುಡುಗಿಯ ತಾಯಿ ಮುನಿವೆಂಕಟಮ್ಮನವರು? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರಿಗೇ ಬಂದು ನಿಂತರು.

“ಪರಿಸರ ಅಂದ್ರೆ? ಬೆಳಿಗ್ಗೆ ಎದ್ದು ಏನ್ ಮಾಡ್ತೀರಪ್ಪಾ?”

“ಪ್ರಾಣಿ ಪಕ್ಷಿ ನೋಡ್ತೀನಮ್ಮ.”

“ಅವನ್ನ ನಾವೂ ನೋಡ್ತೀವಿ. ಅದುಕ್ಕೆ ಸಂಬ್ಳ ಕೊಡ್ತಾರಾ?”

ಕೊಡುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ಹಾಲು ಹಿಂಡುವ ಮುಂಚೆ ಹಸುವನ್ನು ನೋಡುವ ಹಾಗೆ ನೋಡಿ, “ಕುಡಿಯಾಕಿಲ್ಲ, ಇಸ್ಪೀಟ್ ಆಡಾಕಿಲ್ಲ. ಓತಿಕ್ಯಾತ ನೋಡ್ಕೊಂಡು ಓಗ್ಲಿ ಬಿಡಿ” ಎಂದು ಮಗಳನ್ನು ಕೊಟ್ಟರು. ಬಿರುದು ಕೊಟ್ಟವರು ಯಾರು ಎಂದು ಇನ್ನು ಬೇರೆ ಹೇಳಬೇಕಾಗಿಲ್ಲ.

ಅವರ ಮಗಳು ಸುಮಿತ್ರಾ ಈ ಮನೆಗೆ ಬಂದು ಅನುಭವಿಸಿದ್ದನ್ನು ಹೇಳಿದರೆ ನನ್ನ ಮರ್ಯಾದೆಯೇ ಹೋಗುತ್ತದೆ, ಆದರೂ ಹೇಳುತ್ತೇನೆ. ಕಾಡುಪ್ರಾಣಿಗಳು ನಮಗೆ ಸುಲಭವಾಗಿ ಮುಖ ತೋರಿಸುವುದಿಲ್ಲ. ಅವು ಬಿಟ್ಟುಹೋದ ಹಿಕ್ಕೆಯನ್ನು ನೋಡಿಯೇ ಯಾರು ಬಂದಿದ್ದರು, ಏನು ತಿಂದಿದ್ದರು ಎಂದು ನಾವು ತಿಳಿದುಕೊಳ್ಳಬೇಕು. ಹಾಗಾಗಿ ಅದನ್ನು ಡಬ್ಬಿಯಲ್ಲಿ ತುಂಬಿ ಮನೆಗೆ ತರುತ್ತೇನೆ. ಒಮ್ಮೆ ಅವಸರದಲ್ಲಿ ಅಂಥ ಒಂದು ಡಬ್ಬಿಯನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಟ್ಟುಬಿಟ್ಟಿದ್ದೆ. ಅವತ್ತು ಸುಮಿತ್ರಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬೇಸಿಗೆಯಲ್ಲಿ ಅವಳು ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತಾಳೆ, ನಾನು ಇನ್ನೊಂದು ಮೂಲೆಯಲ್ಲಿ ನನ್ನದನ್ನು ಒಣಗಿಸುತ್ತೇನೆ. ನಡುವೆ ಅವಳು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾಳೆ. ಎರಡು ದೇಶಗಳ ನಡುವೆಯೂ ಅಷ್ಟು ಕಟ್ಟುನಿಟ್ಟಾದ ಗಡಿ ಇರಲಾರದು. ಆದರೂ ನಮ್ಮ ಮನೆಯ ಸಂಡಿಗೆಯನ್ನು ಅಕ್ಕಪಕ್ಕದವರು ಯಾರೂ ಮುಟ್ಟುವುದಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಈ ವರ್ಷ ನಮ್ಮ ಆಫೀಸಿಗೆ ಬಂದ ಒಂದು ಸಮೀಕ್ಷೆ ನೇರವಾಗಿ ನನ್ನ ಅತ್ತೆಯ ಊರಿಗೇ ಬಂದು ಕೂತಿತು. ಕೊನೆಯ ಸ್ಟೇಷನ್ನಾದ ಮಾರಿಕುಪ್ಪಂನಲ್ಲಿ ರೈಲು ನಿಂತ ಮೇಲೂ ಬೈಕಿನಲ್ಲಿ ಸ್ವಲ್ಪ ದೂರ ಹೋದರೆ ಆ ಹಳ್ಳಿ. ಹಿಂದಕ್ಕೆ ತಿರುಗಿ ನೋಡಿದರೆ ಮುಚ್ಚಿಹೋದ ಚಿನ್ನದ ಗಣಿಯ ಅದಿರನ್ನು ಸೈನೈಡಿನಲ್ಲಿ ತೊಳೆದು ಸುರಿದ ಬೂದುಬಣ್ಣದ ಸೈನೈಡ್ ಗುಡ್ಡಗಳು, ಮುಂದಕ್ಕೆ ನೋಡಿದರೆ ಹುಣಿಸೆಮರಗಳು, ಬಂಡೆ, ದನ ನೀರು ಕುಡಿಯುವ ಒಂದು ಕುಂಟೆ, ಅದರಾಚೆ ಊರಿನ ಗೋಮಾಳ. ಗೋಮಾಳದ ಒಂದು ಬದಿಯಲ್ಲಿ ಬಿಳಿಯರ ಕಾಲದಲ್ಲಿ ಚಿನ್ನ ಇದೆಯೇನೋ ಎಂದು ತೋಡಿ, ಇಲ್ಲವೆಂದು ಹಾಗೇ ಬಿಟ್ಟುಹೋದ ಹಳೆಯ ಗುಂಡಿಗಳು. ಈ ಗೋಮಾಳವನ್ನು ಗೋದಾಮು ಕಟ್ಟುವ ಒಂದು ಕಂಪನಿ ಸರ್ಕಾರದಿಂದ ಕೇಳಿತ್ತು. ಅಲ್ಲಿ ಏನಿದೆ ಏನಿಲ್ಲ ನೋಡಿ ಹೇಳಿ ಎಂದು ನಮಗೆ ಬಂತು. ನಮ್ಮ ಅತ್ತೆಯ ಸೀಮೆಹಸುಗಳು ಮೇಯುವುದು ಇದೇ ಗೋಮಾಳದಲ್ಲಿ. ಆ ಮನೆ ನಡೆಯುವುದು ಡೈರಿಗೆ ಹಾಕುವ ಹಾಲಿನಿಂದ.

ಆಫೀಸಿನಲ್ಲಿ ನಾನು ಆಗಲೇ ಬಾಯಿಬಿಟ್ಟು, ‘ಇದು ನಮ್ಮತ್ತೆಯ ಊರು, ಬೇರೆ ಯಾರನ್ನಾದರೂ ಕಳಿಸಿ’ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ನಾನು ದೊಡ್ಡ ದೊಡ್ಡ ಕಾರಣಗಳನ್ನು ಕೊಡಬಲ್ಲೆ. ಜಾಗದ ಪರಿಚಯ, ಭಾಷೆಯ ಅನುಕೂಲ, ಇತ್ಯಾದಿ. ನಿಜವಾದ ಕಾರಣ ಕೋಳಿ ಸಾರು. ಅಳಿಯ ಮನೆಗೆ ಬಂದಾಗ ಕೋಳಿ ಕುಯ್ಯದಿದ್ದರೆ ನಮ್ಮ ಕಡೆ ಅತ್ತೆಯಾದವಳು ಊರಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ವರ್ಷಕ್ಕೆ ಹಬ್ಬಕ್ಕೋ ಹುಣ್ಣಿಮೆಗೋ ಬರುವ ಅಳಿಯನನ್ನು ಮನಸ್ಸಿನಲ್ಲಿಟ್ಟುಕೊಂಡು ಹಿರಿಯರು ಮಾಡಿದ ಏರ್ಪಾಡು ಅದು. ವಾರವಾರವೂ ಸಮೀಕ್ಷೆಗೆಂದು ಬರುವ ಅಳಿಯ ಇರಬಹುದೆಂದು ಅವರಿಗೇನು ಗೊತ್ತು? ಬೆಳಿಗ್ಗೆ ಗೋಮಾಳ ಸುತ್ತಿ ಹಕ್ಕಿ ಎಣಿಸುವುದು, ಮಧ್ಯಾಹ್ನ ಅತ್ತೆಯ ಮನೆಯಲ್ಲಿ ರಾಗಿಮುದ್ದೆ, ನಾಟಿಕೋಳಿ ಸಾರು. ಮುದ್ದೆ ಮುರಿಯುವ ಹೊತ್ತಿಗೆ ನನಗೆ ನನ್ನ ವೃತ್ತಿಯ ಮೇಲೆ ಅಪಾರ ಗೌರವ ಬರುತ್ತಿತ್ತು.

ಇಂಥ ಒಂದು ಮಧ್ಯಾಹ್ನ, ಎರಡನೆಯ ಮುದ್ದೆ ಇಳಿಸಿ, ನಡುಮನೆಯ ಗೋಡೆಗೆ ಒರಗಿ ಕಣ್ಣು ಎಳೆಯುತ್ತಿದ್ದಾಗ ಅತ್ತೆ ಎಲೆಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮೆಲ್ಲಗೆ ಕೇಳಿದರು.

“ಅಳಿಯಂದ್ರೇ, ಏನಿದ್ರೆ ಆ ಕಂಪ್ನಿಯೋರು ನಮ್ ಗೋಮಾಳ ಬಿಟ್ಟು ಓಯ್ತಾರೆ?”

“ಅಪರೂಪದ ಪ್ರಾಣಿ ಇರಬೇಕು ಅತ್ತೆ.”

“ಅಪರೂಪದ್ದು ಅಂದ್ರೆ? ಎಸ್ರು ಏಳಿ.”

ಹೊಟ್ಟೆ ತುಂಬಿದ ಮನುಷ್ಯನಿಗೆ ಜ್ಞಾನ ಹಂಚುವ ಚಪಲ ಜಾಸ್ತಿ. ನವಿಲು, ಮುಳ್ಳುಹಂದಿ, ಉಡ, ತೋಳ, ಕತ್ತೆಕಿರುಬ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವುಗಳನ್ನು ನಾವು ನೇರವಾಗಿ ನೋಡಲೇಬೇಕೆಂದಿಲ್ಲ, ಗರಿ, ಮುಳ್ಳು, ಪೊರೆ, ಹೆಜ್ಜೆ ಸಿಕ್ಕಿದರೂ ಲೆಕ್ಕಕ್ಕೆ ಬರುತ್ತದೆ ಎಂದೂ ಸೇರಿಸಿದೆ. ಅತ್ತೆ ‘ಓಹೋ’ ಎಂದರು. ಆ ‘ಓಹೋ’ದ ಆಳ ನನಗೆ ಆಗ ತಿಳಿಯಲಿಲ್ಲ. ನಿದ್ದೆ ಬಂದಿತ್ತು.

ಮುಂದಿನ ವಾರ ಹೋದರೆ ಗೋಮಾಳ ಬೇರೆಯೇ ಆಗಿಬಿಟ್ಟಿತ್ತು. ಅಲ್ಲಿಯವರೆಗೆ ನನಗೆ ಕಂಡಿದ್ದು ಮೈನಾ, ಗೊರವಂಕ ಎಂದು ಎರಡು ಹೆಸರಿನಲ್ಲಿ ಬರೆದುಕೊಂಡಿದ್ದ ಒಂದೇ ಹಕ್ಕಿ, ಒಂದು ಮುಂಗುಸಿ, ಲೆಕ್ಕವಿಲ್ಲದಷ್ಟು ದನ. ಈಗ ಲಂಟಾನ ಪೊದೆಯ ಬುಡದಲ್ಲಿ ಮುಳ್ಳುಹಂದಿಯ ಮುಳ್ಳುಗಳು! ಕಪ್ಪು ಬಿಳಿ ಪಟ್ಟೆಯ, ಪಳಪಳ ಹೊಳೆಯುವ ಮುಳ್ಳುಗಳು. ಸ್ವಲ್ಪ ಆಚೆಗೆ ನವಿಲುಗರಿ. ಅದರಾಚೆ ಬಂಡೆಯ ಮೇಲೆ ಬಿಸಿಲಿಗೆ ಒಣಗಲು ಹಾಕಿದ ಹಾಗೆ ಉದ್ದಕ್ಕೆ ಮಲಗಿದ್ದ ಹಾವಿನ ಪೊರೆ.  ಎಷ್ಟೋ ವರ್ಷಗಳಿಂದ ದನದ ಸಗಣಿಯನ್ನೇ ನೋಡಿಕೊಂಡು ಬಂದವನಿಗೆ ಒಂದೇ ಬೆಳಿಗ್ಗೆ ಇಷ್ಟೊಂದು ಭಾಗ್ಯ! ಮುಳ್ಳುಗಳೆಲ್ಲ ಊದುಬತ್ತಿ ಹಚ್ಚಿಟ್ಟ ಹಾಗೆ ನೆಲಕ್ಕೆ ನೆಟ್ಟಗೆ ಚುಚ್ಚಿಕೊಂಡಿದ್ದವು. ಮುಳ್ಳುಹಂದಿ ಮುಳ್ಳು ಉದುರಿಸುತ್ತದೆಯೇ ಹೊರತು ನಾಟಿ ಮಾಡುವುದಿಲ್ಲ ಎಂದು ನನಗೆ ತಿಳಿಯದೇ? ತಿಳಿದಿತ್ತು. ನವಿಲುಗರಿಯ ಬುಡಕ್ಕೆ ಒಂದಿಷ್ಟು ಜರಿದಾರ ಸುತ್ತಿತ್ತು. ಕೃಷ್ಣಾಷ್ಟಮಿಯಲ್ಲಿ ಮಕ್ಕಳ ಕಿರೀಟಕ್ಕೆ ಸುತ್ತುತ್ತಾರಲ್ಲ, ಅಂಥ ದಾರ. ‘ಆಹಾ, ಗೂಡು ಕಟ್ಟಲು ಎಲ್ಲಿಂದಲೋ ದಾರ ತಂದಿದೆ’ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡೆ. ನವಿಲು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ, ದಾರದಲ್ಲಿ ಗೂಡು ನೇಯುವ ಹಕ್ಕಿಯಲ್ಲ. ಮನುಷ್ಯ ನಂಬಬೇಕೆಂದು ನಿಶ್ಚಯಿಸಿದ ಮೇಲೆ ಅವನು ಓದಿದ್ದೆಲ್ಲ ಎಲ್ಲಿಗೆ ಹೋಗುತ್ತದೋ.

ಚಿತ್ರಗಳನ್ನು ತೆಗೆದು ನಮ್ಮ ಮೇಲಧಿಕಾರಿ ವಸುಧಾ ಮೇಡಂಗೆ ಕಳಿಸಿದೆ. ಅವರು ಬೆಂಗಳೂರಿನ ಆಫೀಸಿನಲ್ಲಿರುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಮಿತ, ಅನುಮಾನದಲ್ಲಿ ಮಾತ್ರ ಧಾರಾಳಿ. ‘ಒಂದೇ ಕಡೆ ಇಷ್ಟೆಲ್ಲಾ?’ ಎಂದು ಉತ್ತರ ಬಂತು. ಸರಿ, ಇವರಿಗೆ ಜೀವಂತ ಸಾಕ್ಷಿಯನ್ನೇ ತೋರಿಸೋಣ ಎಂದು ಆ ಹಳೆಯ ಗುಂಡಿಯ ಹತ್ತಿರದ ಹೊಂಗೆಮರಕ್ಕೆ ಒಂದು ಕ್ಯಾಮೆರಾ ಪೆಟ್ಟಿಗೆ ಕಟ್ಟಿದೆ. ಎದುರಿಗೆ ಏನಾದರೂ ಅಲುಗಾಡಿದರೆ ಅದು ತಾನಾಗಿಯೇ ಫೋಟೋ ತೆಗೆಯುತ್ತದೆ. ಮರದ ತೊಗಟೆಯ ಬಣ್ಣವೇ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಕದ್ದುಕೊಂಡು ಹೋದಾರೆಂದು ಯಾರಿಗೂ ಹೇಳಲೂ ಇಲ್ಲ, ಅತ್ತೆಗೂ ಹೇಳಲಿಲ್ಲ.

ವಾರ ಕಳೆದು ಅದರ ಮೆಮರಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ರೈಲು ಹತ್ತಿದೆ. ಮೇಡಂ ಅದನ್ನು ಕಂಪ್ಯೂಟರಿಗೆ ಹಾಕಿದರು. ಮೊದಲ ಚಿತ್ರದಲ್ಲಿ ಬಾಯಿ ತೆರೆದುಕೊಂಡು ಪೆಟ್ಟಿಗೆ ಕಟ್ಟುತ್ತಿರುವ ನನ್ನ ಮುಖ. ಪ್ರತಿ ಕಾರ್ಡಿನಲ್ಲೂ ಮೊದಲು ಸಿಗುವ ಪ್ರಾಣಿ ನಾನೇ, ಮೇಡಂಗೆ ರೂಢಿಯಾಗಿದೆ. ಆಮೇಲೆ ದನ. ದನ. ನಾಯಿ. ದನದ ಬಾಲ. ಆಮೇಲೆ ಒಂದು ಮುಂಜಾನೆಯ ಚಿತ್ರದಲ್ಲಿ ಕುಕ್ಕೆ ಹಿಡಿದ ಒಂದು ಹೆಂಗಸು. ಆ ಕುಕ್ಕೆ ನನಗೆ ಚೆನ್ನಾಗಿ ಪರಿಚಯದ್ದು. ಮುಂದಿನ ಚಿತ್ರದಲ್ಲಿ ಆಕೆ ಬಗ್ಗಿದ್ದಾಳೆ. ಅದರ ಮುಂದಿನದರಲ್ಲಿ, ಪೈರು ನಾಟಿ ಮಾಡುವವರ ಶ್ರದ್ಧೆಯಿಂದ, ಮುಳ್ಳುಹಂದಿಯ ಇನ್ನಷ್ಟು ಮುಳ್ಳುಗಳನ್ನು ಒಂದೊಂದಾಗಿ ನೆಲಕ್ಕೆ ಚುಚ್ಚುತ್ತಿದ್ದಾಳೆ. ಅದರ ಮುಂದಿನದರಲ್ಲಿ ಸ್ವಲ್ಪ ಹಿಂದೆ ಸರಿದು, ತಲೆ ಓರೆ ಮಾಡಿ, ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಾಳೆ.

“ಯಾರಿದು?” ಎಂದರು ಮೇಡಂ.

ನಾನು ಕನ್ನಡಕ ತೆಗೆದು ಒರೆಸಿದೆ. ಹಾಕಿಕೊಂಡೆ. ಮತ್ತೆ ತೆಗೆದು ಒರೆಸಿದೆ.

“ಯಾರೋ ಊರಿನ ಹೆಂಗಸು ಮೇಡಂ.”

ಹೆಣ್ಣು ಕೊಟ್ಟ ಅತ್ತೆಯನ್ನು ‘ಯಾರೋ’ ಎಂದುಬಿಟ್ಟೆ. ಆದರೆ ಮೇಡಂ ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರು ಕುರ್ಚಿಯಿಂದ ಎದ್ದು ನಿಂತಿದ್ದರು. ಪರದೆಯ ಮೇಲೆ ಕೊನೆಯ ಚಿತ್ರ. ಅತ್ತೆ ಕುಕ್ಕುರುಗಾಲಿನಲ್ಲಿ ಕೂತು ನವಿಲುಗರಿಯನ್ನು ಪೊದೆಗೆ ಸಿಕ್ಕಿಸುತ್ತಿದ್ದಾರೆ. ಅವರ ಬೆನ್ನ ಹಿಂದೆ, ಗುಂಡಿಯ ಅಂಚಿನಲ್ಲಿ, ಎರಡು ದೊಡ್ಡ ಕಿವಿ, ಕತ್ತಿನ ಮೇಲೆ ನಿಗುರಿದ ಕೂದಲು, ಮೈಮೇಲೆ ಪಟ್ಟೆ. ಸಾಕ್ಷಾತ್ ಕತ್ತೆಕಿರುಬ! ಬಾಯಲ್ಲಿ ಕೋಳಿಯ ಕಾಲು ಕಚ್ಚಿಕೊಂಡು, ಈ ಹೆಂಗಸು ಬೆಳಬೆಳಿಗ್ಗೆ ಏನು ಮಾಡುತ್ತಿದ್ದಾಳೆ ಎಂದು ಕುತೂಹಲದಿಂದ ನಿಂತು ನೋಡುತ್ತಿದೆ.

ನನ್ನ ಅವಸ್ಥೆಯನ್ನು ಓದುಗರು ಸ್ವಲ್ಪ ಯೋಚಿಸಬೇಕು. ಗೋಮಾಳವನ್ನು ಉಳಿಸಬಲ್ಲ ಪ್ರಾಣಿ ಸಿಕ್ಕಿದೆ. ಅದು ನಿಜವಾಗಿಯೂ ಅಲ್ಲಿದೆ. ಆದರೆ ಅದಕ್ಕಿರುವ ಒಂದೇ ಒಂದು ಫೋಟೋದಲ್ಲಿ ನನ್ನ ಅತ್ತೆ ಕೈಯಾರೆ ಸುಳ್ಳುಸಾಕ್ಷಿ ನೆಡುತ್ತಾ ಕೂತಿದ್ದಾರೆ. ಜೊತೆಗೆ ಆ ಕಿರುಬದ ಬಾಯಲ್ಲಿರುವ ಕೋಳಿಕಾಲು ಯಾರ ಊಟದ್ದು ಎಂದು ನನಗೆ ನೋಡಿದ ತಕ್ಷಣ ತಿಳಿಯಿತು. ಅಂಗಳದಲ್ಲಿ ಎಸೆದರೆ ಬೀದಿನಾಯಿಗಳು ಕಚ್ಚಾಡುತ್ತವೆಂದು ಅತ್ತೆ ಕೋಳಿಯ ಕಾಲು, ತಲೆ, ಕರುಳು, ಮೂಳೆಗಳನ್ನೆಲ್ಲ ಕುಕ್ಕೆಯಲ್ಲಿ ಒಯ್ದು ಆ ಹಳೆಯ ಗುಂಡಿಗೇ ಸುರಿದು ಬರುತ್ತಿದ್ದರು. ನಾನು ವಾರವಾರ ಸಮೀಕ್ಷೆ ಮಾಡಿದಷ್ಟೂ ಕಿರುಬಕ್ಕೆ ಹಬ್ಬ.

ಮೇಡಂ ಆ ಹೆಂಗಸನ್ನು ನೋಡಲೇಬೇಕೆಂದು ಹಟ ಹಿಡಿದರು. “ನಾಳೆನೇ ಹೋಗೋಣ. ಊರಲ್ಲಿ ನಿಮಗೆ ಪರಿಚಯ ಇದೆಯಾ?” ಎಂದು ಕೇಳಿದರು. “ಅಲ್ಪಸ್ವಲ್ಪ” ಎಂದೆ. ಹೊರಗೆ ಬಂದವನೇ ಸುಮಿತ್ರಾಳಿಗೆ ಫೋನ್ ಮಾಡಿ, ನಾಳೆ ಮೇಡಂ ಎದುರಿಗೆ ನನ್ನ ಪರಿಚಯವೇ ಇಲ್ಲದವರ ಹಾಗೆ ಇರಬೇಕೆಂದು ಅವಳ ಅಮ್ಮನಿಗೆ ಹೇಳಲು ಅಂಗಲಾಚಿದೆ. “ನಿಮ್ಮನ್ನ ಮರೆಯೋದು ನಮ್ಮಮ್ಮನಿಗೇನು ಕಷ್ಟ ಇಲ್ಲ, ಹೇಳ್ತೀನಿ” ಎಂದಳು ಸುಮಿತ್ರಾ.

ಅತ್ತೆ ಹೇಳಿದ ಮಾತಿಗೆ ತಪ್ಪುವವರಲ್ಲ. ಬಾಗಿಲಲ್ಲೇ ಮೇಡಂಗೆ ಕೈಮುಗಿದು, ನನ್ನ ಕಡೆ ಕಣ್ಣು ಕಿರಿದು ಮಾಡಿ, “ಇವಪ್ಪ ಯಾರೋ ಗೊತ್ತಾಗ್ನಿಲ್ವಲ್ಲ. ಯಾವೂರಪ್ಪಾ?” ಎಂದರು. ಬಂಗಾರಪೇಟೆ ಎಂದೆ. “ಓ, ಅಂಗಾ. ದೂರದಿಂದ ಬಂದಿದ್ದೀಯ” ಎಂದರು. ಪೂರಾ ನಾಟಕ ಕಂಪನಿಯ ಕಳೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಊಟದ ಹೊತ್ತಾಗಿತ್ತು, ಒತ್ತಾಯ ಮಾಡಿ ತಟ್ಟೆ ಹಾಕಿದರು. ಅಪರಿಚಿತನಾದ ನನ್ನ ತಟ್ಟೆಗೆ ಅವರ ಕೈ ರೂಢಿಯ ಪ್ರಕಾರ ಮೊದಲು ಈಲಿ, ಆಮೇಲೆ ತೊಡೆ, ಆಮೇಲೆ ಇನ್ನೊಂದು ತೊಡೆ ಬಡಿಸಿತು. ಮೇಡಂ ತಟ್ಟೆಗೆ ಕತ್ತು ಮತ್ತು ಬೆನ್ನು. ಮೇಡಂ ನನ್ನ ತಟ್ಟೆ ನೋಡಿದರು, ತಮ್ಮ ತಟ್ಟೆ ನೋಡಿದರು, ನಿಧಾನವಾಗಿ ತಲೆ ಎತ್ತಿದರು. ಎದುರಿನ ಗೋಡೆಯ ಮೇಲೆ, ಟಿವಿಯ ಮೇಲ್ಗಡೆ, ಚಿನ್ನದ ಬಣ್ಣದ ಕಟ್ಟಿನಲ್ಲಿ ನಾನೂ ಸುಮಿತ್ರಾಳೂ ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದೆವು.

“ಪರಿಚಯ ಅಲ್ಪಸ್ವಲ್ಪ ಅಂದ್ರಿ” ಎಂದರು ಮೇಡಂ.

ಬಾಯಿಗೆ ಒಯ್ಯುತ್ತಿದ್ದ ಈಲಿಯನ್ನು ತಟ್ಟೆಗೇ ವಾಪಸಿಟ್ಟೆ. ಕೆಲಸ ಹೋಯಿತು ಎಂದುಕೊಂಡೆ. ಅತ್ತೆ ಮಾತ್ರ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನಾಟಕವನ್ನು ಅಲ್ಲಿಗೇ ಮುಗಿಸಿ, ಮೇಡಂ ಎದುರಿಗೆ ನೆಲದ ಮೇಲೆ ಕೂತರು.

“ಅವ್ರದೇನೂ ತಪ್ಪಿಲ್ಲ ಮೇಡಮ್ಮೋರೆ. ಮುಳ್ಳು ನೆಟ್ಟೋಳು ನಾನು. ಗಣಿ ಕೂಲಿಯೋರ್ ಕೋರಮಂಡಲ್ ಲೈನಾಗೆ ನಮ್ ಸೆಲ್ವಿ ಅವ್ಳೆ, ಗಣಿ ಇದ್ದಾಗಿಂದ ನಮ್ಮನೆ ಆಲು ಅವ್ಳಿಗೆ. ಅವ್ಳ ಶೋಕೇಸಾಗೆ ಊದಾನಿಯಾಗೆ ಇಕ್ಕಿದ್ಲು. ಈಸ್ಕೊಂಡ್ ಬಂದೆ. ‘ಎದುಕ್ಕು ಅಕ್ಕಾ?’ ಅಂತ ತಮಿಳಾಗೆ ಕೇಳಿದ್ಲು, ಅಸಕ್ಕೆ ದೃಷ್ಟಿ ತೆಗ್ಯಾಕೆ ಅಂದೆ. ಗರಿ ನಮ್ ಬೀದಿ ಮಕ್ಳುದು. ಪೊರೆ ಮಾತ್ರ ನಮ್ದೇ, ನಮ್ ಉಲ್ಲಿನ ಬಣ್ವೇದು. ಅದು ಸುಳ್ಳಲ್ಲ.”

“ಯಾಕಮ್ಮ ಹೀಗೆ ಮಾಡಿದ್ರಿ?”

“ಯಾಕೆ ಅಂದ್ರೆ? ಆ ಕಂಪ್ನಿಯೋರು ಬಂದು ನೋಡಿ, ಇಲ್ಲೇನೂ ಇಲ್ಲ, ಬರೀ ಬಂಜರು ಅಂತ ಬರ್ಕೊಂಡ್ ಓದ್ರು. ನನ್ ಅಸ ದಿನಾ ಅಲ್ಲೇ ನಿಂತು ಮೇಯ್ತಾವೆ, ಅವ್ರ ಕಣ್ಣಿಗೆ ಬೀಳ್ನಿಲ್ಲ. ಸರಿ, ಅಸ ಕಾಣ್ದಿದ್ರೆ ಮುಳ್ಳಂದಿನಾದ್ರೂ ಕಾಣ್ಲಿ ಅಂತ ನೆಟ್ಟೆ. ಗೋಮಾಳಾನೂ ಓದ್ರೆ ನಾನು ಅಸಾನ ಸೈನೈಡ್ ಗುಡ್ಡದ ಮ್ಯಾಲೆ ಮೇಸ್ಲಾ?”

ನಾನು ತಟ್ಟೆ ನೋಡುತ್ತಾ ಕೂತಿದ್ದೆ. ಇಷ್ಟು ದಿನ ಈ ಮನೆಯಲ್ಲಿ ಉಂಡು, ಅವರ ಗೋಮಾಳದಲ್ಲೇ ಅಲೆದಾಡಿ, ದನಗಳನ್ನು ‘ಗಣನೆಗೆ ಬಾರದವು’ ಎಂದು ಪಕ್ಕಕ್ಕೆ ಬರೆದಿಟ್ಟವನು ನಾನೇ ಎಂಬುದು ನೆನಪಾಗಿ ನಾಚಿಕೆಯಾಯಿತು. ಮೇಡಂ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕಿರುಬದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದರು. ತನ್ನ ಬೆನ್ನಿನ ಹಿಂದೆ ಏನು ನಿಂತಿತ್ತು ಎಂದು ತಿಳಿದಾಗ ಅವರು ಹೆದರಲಿಲ್ಲ, ಅವರಿಗೆ ಸಿಟ್ಟು ಬಂತು. “ಥೂ, ನಾನು ಗುಂಡಿಗೆ ಸುರ್ದ ಕೋಳಿ ಮೂಳೆ ತಿನ್ನಾಕೆ ಬರೋದು, ಮೊದ್ಲೇ ಬಂದು ನಿಂತ್ಕಂಡಿದ್ರೆ ನಾನ್ಯಾಕೆ ಸೆಲ್ವಿ ಮನೆಗಂಟ ಓಗ್ಬೇಕಾಗಿತ್ತು?” ಎಂದು ಪ್ರಾಣಿಯನ್ನೇ ಬೈದರು.

“ಅಮ್ಮ, ಇದು ನಿಜವಾದ ಪ್ರಾಣಿ” ಎಂದರು ಮೇಡಂ. “ಆದ್ರೆ ನೀವು ಸುಳ್ಳು ನೆಡ್ತಿರೋ ಫೋಟೋದಲ್ಲಿ ಸಿಕ್ಕಿದೆ. ಇದನ್ನ ತೋರಿಸಿದ್ರೆ, ಕಿರುಬನೂ ಇವರೇ ಎಲ್ಲಿಂದಲೋ ತಂದು ನಿಲ್ಲಿಸಿದ್ದಾರೆ ಅಂತ ಕಂಪನಿಯವರು ಹೇಳ್ತಾರೆ. ಮತ್ತೆ ಸಿಗಬೇಕು. ಅದೂ ಕೋಳಿ ಮೂಳೆ ಹಾಕದೇ, ತಾನಾಗೇ ಬಂದು ಸಿಗಬೇಕು. ಸಿಗದಿದ್ರೆ ಗೋಮಾಳ ಹೋದ ಹಾಗೇ.”

ಆಮೇಲೆ ಆಜ್ಞೆಗಳು ಹೊರಟವು. ಮುಳ್ಳುಹಂದಿ, ನವಿಲು ವರದಿಯಿಂದ ಹೊರಕ್ಕೆ. ಅಳಿಯನೂ ಸಮೀಕ್ಷೆಯಿಂದ ಹೊರಕ್ಕೆ. ಬೇರೆಯವರು ಬಂದು ಹೊಸ ಜಾಗಗಳಲ್ಲಿ ಕ್ಯಾಮೆರಾ ಕಟ್ಟುತ್ತಾರೆ, ಎಲ್ಲಿ ಎಂದು ನನಗೂ ಹೇಳುವುದಿಲ್ಲ. ಗೋಮಾಳದ ಕಡೆ ನಾನು ತಲೆ ಹಾಕಿ ಮಲಗುವ ಹಾಗೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಮೀಕ್ಷೆ ಮುಗಿಯುವವರೆಗೆ ಆ ಮನೆಯಲ್ಲಿ ಕೋಳಿ ಕುಯ್ಯುವ ಹಾಗಿಲ್ಲ. ನನ್ನ ಕೆಲಸ ಉಳಿಯಿತೆಂಬ ಸಂತೋಷ ಈ ಕೊನೆಯ ಮಾತು ಕೇಳಿ ಅರ್ಧಕ್ಕರ್ಧ ಇಳಿದುಹೋಯಿತು.

ಅತ್ತೆ ಆ ಆಜ್ಞೆಯನ್ನು ವ್ರತದ ಹಾಗೆ ಪಾಲಿಸಿದರು. ಆಮೇಲೆ ಸುಮಿತ್ರಾಳ ಜೊತೆ ಆ ಮನೆಗೆ ಹೋದಾಗಲೆಲ್ಲ ಸೊಪ್ಪಿನ ಸಾರು, ಹುರುಳಿ ಸಾರು, ಬಸ್ಸಾರು. ಒಳ್ಳೆಯ ಊಟವೇ, ಇಲ್ಲವೆನ್ನುವುದಿಲ್ಲ. ಆದರೆ ಎದುರಿಗೆ ಅಂಗಳದಲ್ಲಿ ಕೋಳಿಗಳು ನಿರ್ಭಯವಾಗಿ ಅಡ್ಡಾಡುವುದನ್ನು ನೋಡುತ್ತಾ ಬಸ್ಸಾರು ಉಣ್ಣುವುದು ಎಂಥ ಸಂಕಟ ಎಂದು ಅನುಭವಿಸಿದವರಿಗೇ ಗೊತ್ತು. ಮೊದಲು ನನ್ನ ಬೈಕಿನ ಸದ್ದು ಕೇಳಿದರೆ ಸೌದೆ ರಾಶಿಯ ಹಿಂದೆ ಅವಿತುಕೊಳ್ಳುತ್ತಿದ್ದವು. ಈಗ ಹುಂಜ ಬೈಕಿನ ಸೀಟಿನ ಮೇಲೇ ಹತ್ತಿ ಕೂರತೊಡಗಿತು. ಇಳಿಸಲು ಹೋದರೆ ಕುಕ್ಕುತ್ತಿತ್ತು.

ಇತ್ತ ಕಿರುಬದ ಸುದ್ದಿಯೇ ಇಲ್ಲ. ವಾರಕ್ಕೊಮ್ಮೆ ಅತ್ತೆ ಫೋನ್ ಮಾಡಿ, “ಬಂದಿತ್ತಂತಾ?” ಎಂದು ಕೇಳುವರು. “ಇಲ್ಲವಂತೆ” ಎನ್ನುವೆ. ಅವರು ಫೋನ್ ಇಟ್ಟುಬಿಡುವರು. ಮೂಳೆಗಾಗಿ ಬರುತ್ತಿದ್ದ ಪ್ರಾಣಿ, ಮೂಳೆ ನಿಂತ ಮೇಲೆ ಊರು ಬಿಟ್ಟೇ ಹೋಯಿತೇನೋ ಎಂದು ನನಗೂ ನಿಜವಾಗಿ ಭಯವಾಗತೊಡಗಿತು. ಒಂದು ಸಲ ಅವರು, “ಒಂದೇ ಒಂದು ಕಾಲ್ ಎಸೆದ್ ಬರ್ಲಾ? ಯಾರ್ಗೂ ಗೊತ್ತಾಗಾಕಿಲ್ಲ” ಎಂದರು. ಬೇಡ ಅತ್ತೆ, ಈ ಸಲ ಎಲ್ಲಾ ನಿಜ ಇರಬೇಕು ಎಂದು ಬುದ್ಧಿ ಹೇಳಿದೆ. ಹೀಗೆ ಬುದ್ಧಿ ಹೇಳಿದ ಮನುಷ್ಯ ಮುಂದಿನ ಭಾನುವಾರ ಏನು ಮಾಡಿದ ಎಂಬುದನ್ನು ಈಗ ಕೇಳಬೇಕು.

ಆ ಭಾನುವಾರ ಸುಮಿತ್ರಾಳನ್ನು ಬೆಳಿಗ್ಗೆಯೇ ತವರಿಗೆ ಬಿಟ್ಟು, ಸಂಜೆ ಕರೆತರಲು ಒಬ್ಬನೇ ಹೊರಟಿದ್ದೆ. ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ತಳ್ಳುಗಾಡಿಯಲ್ಲಿ ಕೋಳಿ ಕಬಾಬು ಕರಿಯುತ್ತಿದ್ದ. ಆ ವಾಸನೆಗೆ ಬೈಕು ತಾನಾಗಿಯೇ ನಿಂತಿತು. ಪಾರ್ಸೆಲ್ ಕಟ್ಟಿಸಿಕೊಂಡೆ. ದಾರಿಯಲ್ಲೇ ತಿಂದು ಮುಗಿಸೋಣವೆಂದರೆ ಉದ್ದಕ್ಕೂ ಪರಿಚಯದವರು, ಮಾತಾಡಿಸುವವರು. ಅತ್ತೆಯ ಮನೆಗೆ ಒಯ್ಯುವ ಹಾಗಿಲ್ಲ. ಹೀಗೆ ಜಾಗ ಹುಡುಕುತ್ತಾ ಹುಡುಕುತ್ತಾ ಊರಾಚೆಯ ಒಂದು ಹುಣಿಸೆಮರದ ಹತ್ತಿರ ಬಂದೆ. ಅದು ಗೋಮಾಳದ ಅಂಚು. ಒಳಗಲ್ಲ, ಅಂಚು ಎಂದು ನನ್ನ ಮನಸ್ಸಾಕ್ಷಿಗೆ ತಿಳಿಸಿ ಹೇಳಿ, ಮರದ ಬುಡದಲ್ಲಿ ಬೆನ್ನು ಕೊಟ್ಟು ಕೂತು, ಪೊಟ್ಟಣ ಬಿಚ್ಚಿದೆ. ಸೂರ್ಯ ಸೈನೈಡ್ ಗುಡ್ಡದ ಹಿಂದೆ ಇಳಿಯುತ್ತಿದ್ದ. ನಾನು ಸಮೀಕ್ಷೆಯ ಪಾವಿತ್ರ್ಯಕ್ಕೆ ಭಂಗ ಬರಬಾರದೆಂದು ಒಂದು ಮೂಳೆಯ ಚೂರನ್ನೂ ನೆಲಕ್ಕೆ ಬಿಡದೆ, ಎಲ್ಲವನ್ನೂ ಮತ್ತೆ ಕವರಿಗೇ ಹಾಕಿ, ಬಂಗಾರಪೇಟೆಗೆ ವಾಪಸು ತಂದು ಕಸದ ತೊಟ್ಟಿಗೆ ಹಾಕಿದೆ. ಇಷ್ಟು ಪ್ರಾಮಾಣಿಕವಾಗಿ ಕಬಾಬು ತಿಂದವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ತಿಂಗಳು ಕಳೆದ ಮೇಲೆ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಅವರಿಗೆ ಅಪರೂಪವಾದ ನಗು. ಕಿರುಬ ಸಿಕ್ಕಿತ್ತು. ಮೂಳೆಯೂ ಇಲ್ಲದೆ, ಅತ್ತೆಯೂ ಇಲ್ಲದೆ, ಬಿಳಿಯರು ಚಿನ್ನ ಹುಡುಕಿ ಬಿಟ್ಟ ಆ ಗುಂಡಿಯಿಂದ ಅದು ತಾನಾಗಿ ಹೊರಗೆ ಬಂದಿತ್ತು. ಹಿಂದೆ ಎರಡು ಮರಿ. ಗುಂಡಿಯೊಳಗೇ ಅದರ ಸಂಸಾರ. ಕೋಳಿಮೂಳೆ ಅದಕ್ಕೆ ಹಬ್ಬದೂಟವಾಗಿತ್ತೇ ಹೊರತು, ಅದು ಅಲ್ಲಿ ನೆಲೆಸಿದ್ದು ನನ್ನನ್ನು ನಂಬಿಕೊಂಡಲ್ಲ. ಸುದ್ದಿ ತಿಳಿಸಿದಾಗ ಅತ್ತೆ ಫೋನಿನಲ್ಲೇ ಅತ್ತರು. “ಮರಿ ಆಕೈತಾ? ಅಯ್ಯೋ ತಾಯಿ, ಬಾಣಂತಿ ಆಗಿತ್ತಾ? ಗೊತ್ತಿದ್ರೆ ಬೈತಾ ಇರ್ನಿಲ್ವಲ್ಲೋ” ಎಂದರು. ನನಗೂ ಕಣ್ಣು ಒದ್ದೆಯಾಯಿತು.

ಗೋಮಾಳ ಪೂರ್ತಿ ಉಳಿಯಿತು ಎಂದರೆ ಸುಳ್ಳಾದೀತು. ರಸ್ತೆಯ ಕಡೆಯ ಒಂದು ಭಾಗಕ್ಕೆ ಕಂಪನಿಯ ಬೇಲಿ ಬಿತ್ತು. ಗುಂಡಿ, ಕುಂಟೆ, ಹುಣಿಸೆಮರಗಳ ಕಡೆಯ ದೊಡ್ಡ ಭಾಗವನ್ನು ಬಿಟ್ಟು ನಕ್ಷೆ ಬದಲಾಯಿಸಿದರು. ಹಗಲು ಅತ್ತೆಯ ಹಸುಗಳು, ಕತ್ತಲಾದ ಮೇಲೆ ಕಿರುಬ, ಹೀಗೆ ಪಾಳಿಯಲ್ಲಿ ಗೋಮಾಳ ನಡೆಯುತ್ತಿದೆ. ಸೆಲ್ವಿಯ ಮುಳ್ಳುಗಳು ಅವಳ ಹೂದಾನಿಗೆ ವಾಪಸಾದವು. ವರದಿಯಲ್ಲಿ ಈ ಸಲ ಮೇಡಂ ದನಗಳಿಗೂ ಒಂದು ಪುಟ ಕೊಟ್ಟಿದ್ದಾರೆ.

ಮೊನ್ನೆ ಮೇಡಂ ಅತ್ತೆಯ ವಿಳಾಸಕ್ಕೆ ಮೂರು ಫೋಟೋ ಅಚ್ಚು ಹಾಕಿಸಿ ಕಳಿಸಿದ್ದರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ನನ್ನ ಸೀಟಿನ ಮೇಲೆ ಕೂರುತ್ತಿದ್ದ ಹುಂಜ ಎಲ್ಲೂ ಕಾಣಲಿಲ್ಲ, ನಾನೂ ವಿಚಾರಿಸಲಿಲ್ಲ. ಸುಮಿತ್ರಾ ಲಕೋಟೆ ಒಡೆದಳು. ಮೊದಲನೆಯದು ಮರಿಗಳ ಜೊತೆ ಕಿರುಬ. ಎರಡನೆಯದು ಅತ್ತೆ ಮತ್ತು ಅವರ ಬೆನ್ನ ಹಿಂದೆ ಕಿರುಬ. ಇದನ್ನು ನಮ್ಮ ಮದುವೆ ಫೋಟೋ ಪಕ್ಕದಲ್ಲೇ ತೂಗುಹಾಕಬೇಕೆಂದು ಅತ್ತೆ ಆಗಲೇ ಮೊಳೆ ಹುಡುಕತೊಡಗಿದರು. ಮೂರನೆಯದನ್ನು ನೋಡಿ ಸುಮಿತ್ರಾ ನನ್ನತ್ತ ಒಮ್ಮೆ ತಿರುಗಿ ಅದನ್ನು ಅಮ್ಮನ ಕೈಗೆ ಕೊಟ್ಟಳು. ನಾನು ಕತ್ತು ಚಾಚಿ ನೋಡಿದೆ. ಹುಣಿಸೆಮರದ ಬುಡ. ಸಂಜೆಯ ಬಿಸಿಲು. ಕ್ಯಾಮೆರಾ ಎದುರಿನ ಮರದಲ್ಲೇ ಇದ್ದಿರಬೇಕು. ಎರಡೂ ಕೈಯಲ್ಲಿ ಕಬಾಬು ಹಿಡಿದು, ಕಣ್ಣು ಮುಚ್ಚಿಕೊಂಡು, ಬಾಯಗಲಿಸಿ ಮೂಳೆ ಜಗಿಯುತ್ತಿರುವ ನಾನು.

ಅತ್ತೆ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿಯೂ ನೋಡಿದರು.

“ನನ್ ಫೋಟೋದಾಗೆ ಪ್ರಾಣಿ ಇಂದ್ಗಡೆ ನಿಂತಿತ್ತು” ಎಂದರು. “ಇದ್ರಾಗೆ ಅಳಿಯಂದ್ರ ಇಂದ್ಗಡೆ ಏನೂ ಇಲ್ವಲ್ಲೇ ಸುಮಿತ್ರಾ. ಪ್ರಾಣಿ ಎಲ್ಲೈತೆ?”

“ಕನ್ನಡ್ಕ ಆಕ್ಕೊಂಡು ನೋಡಮ್ಮ” ಎಂದಳು ಸುಮಿತ್ರಾ. “ಮುಂದ್ಗಡೇನೇ ಕೂತೈತೆ.”